ಗೊಂಬೆ ಮಾತಾಡಲಿ, ನೀವು ಸುಮ್ಮನಿರಿ: ಆಸ್ಪತ್ರೆಯವರಿಗೆ ಸಿಮ್ಯುಲೇಶನ್ ತರಬೇತಿ ನಡೆಸುವ ಬಗೆ

ಸಿಮ್ಯುಲೇಶನ್ ಅಂದರೆ ನಿಜವಾದ ರೋಗಿಯ ಬದಲು ಗೊಂಬೆಯನ್ನೋ ಪಾತ್ರಧಾರಿಯನ್ನೋ ಇಟ್ಟು ಅಭ್ಯಾಸ ಮಾಡಿಸುವುದು. ನಾನು ಮೊದಲ ಸಲ ಇಂಥ ತರಬೇತಿ ನಡೆಸಿದಾಗ ಮಾಡಿದ್ದು ಒಂದೇ ತಪ್ಪು. ಆದರೆ ಅದನ್ನು ಮೊದಲಿಂದ ಕೊನೆವರೆಗೂ ಮಾಡಿದೆ. ಬಾಯಿ ಮುಚ್ಚಲಿಲ್ಲ. ಮಂಚದ ಮೇಲೆ ಮ್ಯಾನಿಕಿನ್, ಅಂದರೆ ರೋಗಿಯ ಜಾಗದ ಗೊಂಬೆ, ಮಲಗಿತ್ತು, ಸುತ್ತ ಐದು ಜನ ನರ್ಸುಗಳು ನಿಂತಿದ್ದರು, ಅವರಲ್ಲಿ ಒಬ್ಬರು ಒಂದು ಕ್ಷಣ ತಡವರಿಸಿದರೂ ಸಾಕು, ನಾನು "ಆಕ್ಸಿಜನ್ ನೋಡಿ, ಬಿಪಿ ನೋಡಿ, ಡ್ರಿಪ್ ನಿಲ್ಲಿಸಿ" ಅಂತ ಶುರು. ರೋಗಿ ಬದುಕಿದ. ಎಲ್ಲರೂ ಖುಷಿಯಾಗಿ ಮನೆಗೆ ಹೋದರು. ಕಲಿತವರು ಮಾತ್ರ ಯಾರೂ ಇಲ್ಲ, ಯಾಕೆಂದರೆ ಆ ಕೋಣೆಯಲ್ಲಿ ಯೋಚನೆ ಮಾಡಿದ್ದು ನಾನೊಬ್ಬಳೇ.

ಈಗ ಯಾರಾದರೂ "ಸಿಮ್ಯುಲೇಶನ್ ಶುರು ಮಾಡಬೇಕು, ಹೇಗೆ?" ಅಂತ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ನೀವು ಮಾಡುವ ತಯಾರಿಯೆಲ್ಲ ನಡುವಿನ ಹತ್ತು ನಿಮಿಷ ನೀವು ಸುಮ್ಮನೆ ನಿಲ್ಲೋಕೆ ಆಗಲಿ ಅಂತ. ಕೇಸು, ಅಂದರೆ ಆ ರೋಗಿಯ ಕಥೆ, ಸರಿಯಾಗಿ ಬರೆದಿದ್ದರೆ ರೋಗಿಯೇ ಮಾತಾಡುತ್ತಾನೆ. ಬರೆದಿಲ್ಲ ಅಂದರೆ ನೀವು ಮಾತಾಡಬೇಕಾಗುತ್ತದೆ.

ಗೊಂಬೆ ಆಮೇಲೆ, ತೊಂದರೆ ಮೊದಲು

ಹೆಚ್ಚಿನವರು ಉಲ್ಟಾ ಶುರು ಮಾಡುತ್ತಾರೆ. ದುಬಾರಿ ಮ್ಯಾನಿಕಿನ್ ಬರುತ್ತದೆ, ಅದು ಉಸಿರಾಡುತ್ತದೆ, ಕಣ್ಣು ಮಿಟುಕಿಸುತ್ತದೆ, ಬೆವರುತ್ತದೆ, ಆಮೇಲೆ "ಇದರಲ್ಲಿ ಏನು ಕಲಿಸೋಣ?" ಅಂತ ಯೋಚನೆ. ಸ್ವಲ್ಪ ದಿನ ಬಿಟ್ಟು ಅದು ಬಟ್ಟೆ ಹೊದ್ದುಕೊಂಡು ಮೂಲೆ ಸೇರುತ್ತದೆ. ಅರಿವಳಿಕೆ ತಜ್ಞ ಡೇವಿಡ್ ಗಾಬಾ, ಈ ಕ್ಷೇತ್ರವನ್ನು ಕಟ್ಟಿದವರಲ್ಲಿ ಒಬ್ಬರು, ಸಿಮ್ಯುಲೇಶನ್ ಅನ್ನುವುದು ಯಂತ್ರವಲ್ಲ, ಕಲಿಸುವ ಒಂದು ವಿಧಾನ ಅಂತ ಹೇಳುತ್ತಲೇ ಬಂದಿದ್ದಾರೆ. ಯಂತ್ರ ಇಲ್ಲದೆಯೂ ಆ ವಿಧಾನ ನಡೆಯುತ್ತದೆ.

ಹೇಗೆ ಅಂತೀರಾ? 18ನೇ ಶತಮಾನದ ಫ್ರಾನ್ಸಿನಲ್ಲಿ ಮದಾಮ್ ದು ಕುದ್ರೆ ಅನ್ನುವ ಸೂಲಗಿತ್ತಿ ಇದ್ದಳು. ಬಟ್ಟೆ, ಚರ್ಮ, ಹತ್ತಿ ಸೇರಿಸಿ ಹೊಲಿದ ಹೆರಿಗೆ ಗೊಂಬೆಯೊಂದನ್ನು ಮಾಡಿಕೊಂಡಿದ್ದಳು. 1759ರಲ್ಲಿ ರಾಜ 15ನೇ ಲೂಯಿ ಅವಳಿಗೆ ಊರೂರು ತಿರುಗಿ ಹೆರಿಗೆ ಕಲಿಸುವ ಕೆಲಸ ಕೊಟ್ಟ. ಸಾವಿರಾರು ಹಳ್ಳಿ ಹೆಂಗಸರು ಆ ಗೊಂಬೆಯ ಮೇಲೆ ಕೈ ಆಡಿಸಿ ಕಲಿತರು. ಅಂಥದೊಂದು ಗೊಂಬೆ ರೂಆನ್ ನಗರದ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ. ವೈರಿಲ್ಲ, ಸ್ಕ್ರೀನಿಲ್ಲ. ಆದರೆ ಮಗು ಅಡ್ಡ ತಿರುಗಿದರೆ ಕೈ ಎಲ್ಲಿಡಬೇಕು ಅನ್ನುವ ಪ್ರಶ್ನೆ ಅವಳ ಮುಂದೆ ಸ್ಪಷ್ಟವಾಗಿತ್ತು.

ನಿಮ್ಮ ಪ್ರಶ್ನೆ ಏನು? ಅದನ್ನು ಹುಡುಕೋಕೆ ಪುಸ್ತಕ ಬೇಡ. ವಾರ್ಡಿಗೆ ಹೋಗಿ ರಾತ್ರಿ ಪಾಳಿಯವರನ್ನು ಕೇಳಿ: "ಯಾವ ಹೊತ್ತಿನಲ್ಲಿ ನಿಮಗೆ ಕೈಕಾಲು ಆಡುವುದಿಲ್ಲ?" ಉತ್ತರ ಬೇಗ ಬರುತ್ತದೆ. ಹೆರಿಗೆ ಆದ ಮೇಲೆ ರಕ್ತ ನಿಲ್ಲದೆ ಇರುವುದು, ಹುಟ್ಟಿದ ಮಗು ಅಳದೇ ಇರುವುದು, ಇಂಜೆಕ್ಷನ್ ಕೊಟ್ಟ ಕೂಡಲೇ ರೋಗಿಗೆ ಉಸಿರು ಕಟ್ಟುವುದು, ಸತ್ತ ಸುದ್ದಿಯನ್ನು ಮನೆಯವರಿಗೆ ಹೇಳುವುದು. ಇದರಲ್ಲಿ ಒಂದನ್ನು ಆರಿಸಿಕೊಳ್ಳಿ. ಒಂದನ್ನೇ. ಒಂದು ಕೇಸಿಗೆ ಎರಡು ಅಥವಾ ಮೂರು ಉದ್ದೇಶ ಸಾಕು. "ತುರ್ತು ರೋಗಿಯ ನಿರ್ವಹಣೆ ಕಲಿಯುವುದು" ಅಂತ ಬರೆದರೆ ಅದು ಉದ್ದೇಶವೇ ಅಲ್ಲ. ಯಾರು, ಏನನ್ನು, ಎಷ್ಟು ಹೊತ್ತಿನೊಳಗೆ ಮಾಡಬೇಕು ಅಂತ ಬರೆದರೆ ಮಾತ್ರ ಆಮೇಲೆ ಅದರ ಬಗ್ಗೆ ಮಾತಾಡೋಕೆ ಬರುತ್ತದೆ.

ಉದ್ದೇಶ ಸಿಕ್ಕಿದ ಮೇಲೆ ಸಾಮಾನು. ಕೈ ಕೆಲಸ ಕಲಿಸಬೇಕಾದರೆ, ಉದಾಹರಣೆಗೆ ರಕ್ತನಾಳಕ್ಕೆ ಕ್ಯಾನುಲಾ ಹಾಕುವುದು, ಮೂತ್ರಕ್ಕೆ ಕ್ಯಾತಿಟರ್ ನಳಿಕೆ ಹಾಕುವುದು, ಬರೀ ಆ ಅಂಗದ ಮಾದರಿ ಸಾಕು. ಎದೆ ಒತ್ತುವುದನ್ನು ಕಲಿಸೋಕೆ ಸ್ಪ್ರಿಂಗ್ ಇರುವ ಸಾದಾ ಎದೆ ಸಾಕು. ನಾರ್ವೆಯ ಆಟಿಕೆ ತಯಾರಕ ಓಸ್ಮುಂಡ್ ಲಾರ್ಡಾಲ್ 1960ರಲ್ಲಿ ಮಾಡಿದ ರೆಸಸಿ ಆ್ಯನ್ ಅಂಥದ್ದೇ. ಪ್ಲಾಸ್ಟಿಕ್ ಗೊಂಬೆ, ಆಟಿಕೆ ಮಾಡುವ ಕೈಯಿಂದಲೇ ಹುಟ್ಟಿದ್ದು, ಲೆಕ್ಕವಿಲ್ಲದಷ್ಟು ಜನ ಅದರ ಮೇಲೆ ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದನ್ನು, ಕಲಿತಿದ್ದಾರೆ. ತಂಡವಾಗಿ ಕೆಲಸ ಮಾಡುವುದನ್ನು ಕಲಿಸಬೇಕಾದರೆ ಗೊಂಬೆ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ಅಕ್ಕಪಕ್ಕದ ಸಾಮಾನು ಅಸಲಿಯಾಗಿರುವುದು ಮುಖ್ಯ. ಅದೇ ಟ್ರಾಲಿ, ಅದೇ ಡ್ರಾಯರ್, ಕೈಯಿಂದ ಒತ್ತಿ ಉಸಿರು ಕೊಡುವ ಅದೇ ಆಂಬು ಬ್ಯಾಗ್, ಅವರು ದಿನಾ ಬಳಸುವ ಅದೇ ಕೇಸ್ ಶೀಟ್. ಮಾನಿಟರ್ ಇಲ್ಲವೇ? ಬಿಳಿ ಹಲಗೆ ಮೇಲೆ ನಾಡಿ, ಬಿಪಿ ಬರೆದು ಅಳಿಸಿ ಬರೆಯಿರಿ. ಸ್ವಲ್ಪ ಪೆದ್ದುತನ ಅನ್ನಿಸುತ್ತದೆ, ಆದರೆ ಎರಡು ನಿಮಿಷದಲ್ಲಿ ಎಲ್ಲರೂ ಅದನ್ನು ನಂಬಿಕೊಂಡು ಬಿಡುತ್ತಾರೆ.

ಮಾತು, ಸಮಾಧಾನ, ಕೆಟ್ಟ ಸುದ್ದಿ ಹೇಳುವುದು, ಇವಕ್ಕೆ ಮಾತ್ರ ಗೊಂಬೆ ಬೇಡವೇ ಬೇಡ. ಮನುಷ್ಯರೇ ಬೇಕು. ನರರೋಗ ತಜ್ಞ ಹೊವರ್ಡ್ ಬ್ಯಾರೋಸ್ 1963ರಲ್ಲೇ ಆರೋಗ್ಯವಂತ ವ್ಯಕ್ತಿಗೆ ರೋಗಿಯ ಪಾತ್ರ ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದ್ದರು. ನೀವೂ ಹಾಗೆ ಮಾಡಬಹುದು. ಆದರೆ ಪಾತ್ರ ಮಾಡುವವರಿಗೆ ಮೊದಲೇ ಕೂತು ಕಥೆ ಹೇಳಿ, ಎಲ್ಲಿ ಅಳಬೇಕು, ಯಾವ ಪ್ರಶ್ನೆ ಕೇಳಿದರೆ ಮಾತ್ರ ಯಾವ ಉತ್ತರ ಕೊಡಬೇಕು ಅಂತ ಬರೆದುಕೊಡಿ. ಇಲ್ಲ ಅಂದರೆ ಅದು ನಾಟಕ ಆಗಿಬಿಡುತ್ತದೆ. ನಮ್ಮಲ್ಲೇ ಒಮ್ಮೆ ರೋಗಿಯ ಅಣ್ಣನ ಪಾತ್ರ ಮಾಡಿದ ಸಹೋದ್ಯೋಗಿ ಎಷ್ಟು ಹುರುಪಿನಿಂದ ಕೂಗಾಡಿದರು ಅಂದರೆ, ಕಲಿಯಲು ಬಂದವರೆಲ್ಲ ರೋಗಿಯನ್ನು ಬಿಟ್ಟು ಅವರನ್ನೇ ಸಮಾಧಾನ ಮಾಡುತ್ತಾ ನಿಂತರು.

ಕೇಸು ಬರೆಯುವುದು

ಇದು ಇಡೀ ಕೆಲಸದ ಬೆನ್ನೆಲುಬು. ಒಂದನ್ನು ಇಲ್ಲೇ ಬರೆದು ತೋರಿಸುತ್ತೇನೆ.

ರೋಗಿಗೆ 34 ವರ್ಷ. ಕಾಲಿನ ಸೋಂಕಿಗೆ ವಾರ್ಡಿಗೆ ಸೇರಿದ್ದಾರೆ. ಐದು ನಿಮಿಷದ ಹಿಂದೆ ಆಂಟಿಬಯಾಟಿಕ್ ಡ್ರಿಪ್ ಹಾಕಲಾಗಿದೆ. ಮಧ್ಯಾಹ್ನದ ಹೊತ್ತು, ಡಾಕ್ಟರ್ ಬೇರೆ ಮಹಡಿಯಲ್ಲಿದ್ದಾರೆ. ಉದ್ದೇಶ ಮೂರು: ಇದು ತೀವ್ರ ಅಲರ್ಜಿ, ಅಂದರೆ ಅನಾಫಿಲಾಕ್ಸಿಸ್ ಅಂತ ಗುರುತಿಸಿ ಡ್ರಿಪ್ ನಿಲ್ಲಿಸಬೇಕು, ತಡ ಮಾಡದೆ ಅಡ್ರಿನಲಿನ್ ಕೊಡಬೇಕು, ಸಹಾಯಕ್ಕೆ ಕರೆಯುವಾಗ ಏನಾಗಿದೆ ಅಂತ ಒಂದೇ ಉಸಿರಿನಲ್ಲಿ ಸ್ಪಷ್ಟವಾಗಿ ಹೇಳಬೇಕು.

ಶುರುವಿನಲ್ಲಿ ರೋಗಿ "ಸಿಸ್ಟರ್, ಮೈಯೆಲ್ಲ ತುರಿಸ್ತಾ ಇದೆ" ಅನ್ನುತ್ತಾರೆ. ನಾಡಿ 96, ಬಿಪಿ 118/76, ಆಕ್ಸಿಜನ್ 97. ಎರಡನೇ ನಿಮಿಷಕ್ಕೆ ದನಿ ಒಡೆಯುತ್ತದೆ, ಉಸಿರಿನಲ್ಲಿ ಸಿಳ್ಳೆ ಬರುತ್ತದೆ, ನಾಡಿ 128, ಬಿಪಿ 84/50, ಆಕ್ಸಿಜನ್ 90. ಇಲ್ಲಿಂದ ದಾರಿ ಎರಡಾಗುತ್ತದೆ. ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್ 0.5 ಮಿಲಿಗ್ರಾಂ ಹೋದರೆ, ಮೂರು ನಿಮಿಷದಲ್ಲಿ ಬಿಪಿ 102/64ಕ್ಕೆ ಏರುತ್ತದೆ, ದನಿ ಸ್ವಲ್ಪ ತಿಳಿಯಾಗುತ್ತದೆ. ಹೋಗದಿದ್ದರೆ ರೋಗಿ ಮಾತು ನಿಲ್ಲಿಸುತ್ತಾರೆ, ಬಿಪಿ 62ಕ್ಕೆ ಇಳಿಯುತ್ತದೆ. ರೋಗಿಯನ್ನು ಎಬ್ಬಿಸಿ ಕೂರಿಸಿದರೆ ಅಥವಾ ನಡೆಸಿದರೆ ಬಿಪಿ ಇನ್ನೂ ಇಳಿಯಬೇಕು, ಯಾಕೆಂದರೆ ನಿಜವಾಗಿಯೂ ಹಾಗೇ ಆಗುತ್ತದೆ. ಅಲರ್ಜಿಯ ಮಾತ್ರೆಯನ್ನೋ ಸ್ಟಿರಾಯ್ಡನ್ನೋ ಮೊದಲು ಕೊಟ್ಟರೆ? ಬಿಪಿ ಕದಲುವುದಿಲ್ಲ. ಅಷ್ಟೇ. ನೀವು "ತಪ್ಪು" ಅನ್ನಬೇಕಾಗಿಯೇ ಇಲ್ಲ, ಅಂಕಿಯೇ ಹೇಳುತ್ತದೆ.

ಈ "ಹೀಗೆ ಮಾಡಿದರೆ ಹೀಗೆ" ಅನ್ನುವ ಭಾಗವನ್ನು ಮೊದಲೇ ಬರೆದುಕೊಳ್ಳದಿದ್ದರೆ, ನಡುವೆ ಯಾರಾದರೂ ನೀವು ಊಹಿಸದ ಕೆಲಸ ಮಾಡಿದಾಗ ಗಾಬರಿ ನಿಮಗೆ ಆಗುತ್ತದೆ, ಆಗ ನೀವು ಬಾಯಿ ಬಿಡುತ್ತೀರಿ. ಸಾಧ್ಯವಾದರೆ ಕೇಸನ್ನು ಒಮ್ಮೆ ಸಹೋದ್ಯೋಗಿಗಳ ಮೇಲೆ ಓಡಿಸಿ ನೋಡಿ. ಕಾಗದದ ಮೇಲೆ ಸರಿ ಕಂಡದ್ದು ಮಂಚದ ಪಕ್ಕದಲ್ಲಿ ಎಡವುತ್ತದೆ. ತುರಿಕೆ ಅಂದರೂ ಚರ್ಮದ ಮೇಲೆ ದದ್ದು ಕಾಣಿಸದಿದ್ದರೆ ಯಾರು ನಂಬುತ್ತಾರೆ? ಗೊಂಬೆಯ ಎದೆ ಮೇಲೆ ಕೆಂಪು ಬಣ್ಣ ಸ್ವಲ್ಪ ಹಚ್ಚಿ, ಮೇಲೆ ಬಟ್ಟೆ ಮುಚ್ಚಿ. ಬಟ್ಟೆ ತೆಗೆದು ನೋಡಿದವರಿಗೆ ಮಾತ್ರ ಕಾಣಲಿ.

ಹೆರಿಗೆಯ ರಕ್ತಸ್ರಾವದ ಕೇಸಾದರೆ ಬಣ್ಣದ ನೀರು ನಿಮ್ಮ ದೊಡ್ಡ ಗೆಳೆಯ. ಅಳತೆ ಮಾಡಿದ ಕೆಂಪು ನೀರನ್ನು ಪ್ಯಾಡು, ಹಾಸು, ಬಟ್ಟಲುಗಳಲ್ಲಿ ಸುರಿದಿಟ್ಟು "ಎಷ್ಟು ಹೋಗಿದೆ?" ಅಂತ ಬರೆಸಿ. ರಕ್ತ ಜಾಸ್ತಿ ಹೋದಷ್ಟೂ ಕಣ್ಣಂದಾಜು ಕಡಿಮೆಯೇ ಹೇಳುತ್ತದೆ, ವರ್ಷಗಟ್ಟಲೆ ಹೆರಿಗೆ ಕೋಣೆಯಲ್ಲಿ ಕೆಲಸ ಮಾಡಿದವರದ್ದೂ ಅಷ್ಟೇ. ಆಮೇಲೆ ಹಾಸನ್ನು ತೂಗಿ ತೋರಿಸಿ. ಮುಂದಿನ ಸಲದಿಂದ ಅವರೇ ತೂಕದ ಯಂತ್ರ ಕೇಳುತ್ತಾರೆ.

ಶುರುವಿಗೆ ಮುಂಚಿನ ಹತ್ತು ನಿಮಿಷ

ಇದಕ್ಕೆ ಪ್ರೀಬ್ರೀಫಿಂಗ್ ಅಂತಾರೆ. ಹೊತ್ತಿಲ್ಲ ಅಂತ ಜನ ಇದನ್ನೇ ಮೊದಲು ಹಾರಿಸುವುದು, ಆಮೇಲೆ "ಗೊಂಬೆ ಹತ್ರ ಮಾತಾಡೋಕೆ ಎಲ್ಲರೂ ನಾಚ್ಕೋತಾರೆ" ಅಂತ ದೂರುವುದೂ ಅವರೇ.

ಗೊಂಬೆಯನ್ನು ಮುಟ್ಟಿಸಿ. ನಾಡಿ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ, ಎದೆಯ ಸದ್ದು ಎಲ್ಲಿ ಕೇಳುತ್ತದೆ, ಯಾವ ಕೈಗೆ ಸೂಜಿ ಚುಚ್ಚಬಹುದು, ಔಷಧಿ ನಿಜವಾಗಿ ಎಳೆದು ಕೊಡಬೇಕೋ ಬಾಯಲ್ಲಿ ಹೇಳಿದರೆ ಸಾಕೋ, ಫೋನು ಮಾಡಿದರೆ ಯಾರು ಎತ್ತುತ್ತಾರೆ, ಎಲ್ಲ ಹೇಳಿ. ಗೊಂಬೆಗೆ ಮೈ ನೀಲಿಯಾಗುವುದಿಲ್ಲ ಅಂದರೆ ಅದನ್ನೂ ಹೇಳಿಬಿಡಿ. ಇದರಲ್ಲಿ ಗುಟ್ಟು ಇಟ್ಟುಕೊಂಡು ಏನೂ ಆಗಬೇಕಿಲ್ಲ. ಕಲಿಯುವವರು ಪರದಾಡಬೇಕಾದ್ದು ರೋಗದ ಜೊತೆ, ಗೊಂಬೆಯ ಜೊತೆ ಅಲ್ಲ.

ಆಮೇಲೆ ಒಂದು ಒಪ್ಪಂದ. "ಇದು ಅಸಲಿಯಲ್ಲ ಅಂತ ನಮಗೂ ಗೊತ್ತು, ನಿಮಗೂ ಗೊತ್ತು. ನಾವು ಆದಷ್ಟು ನಿಜದ ಹಾಗೆ ಮಾಡಿದ್ದೇವೆ, ನೀವೂ ಆದಷ್ಟು ನಿಜ ಅಂದುಕೊಂಡು ಮಾಡಿ. ಇಲ್ಲಿ ಆಗಿದ್ದು ಈ ಕೋಣೆ ಬಿಟ್ಟು ಹೊರಗೆ ಹೋಗುವುದಿಲ್ಲ. ಇಲ್ಲಿ ಅಂಕ ಇಲ್ಲ." ಅಂಕ ಇದ್ದರೆ ಇದೆ ಅಂತಲೇ ಹೇಳಿ. ಪರೀಕ್ಷೆ ಬೇರೆ, ಕಲಿಕೆ ಬೇರೆ. 1975ರಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಅವರ ತಂಡ ಪ್ರಕಟಿಸಿದ ಓಸ್ಕಿ (OSCE), ಅಂದರೆ ವೈದ್ಯ ವಿದ್ಯಾರ್ಥಿಗಳು ಒಂದೊಂದೇ ಮೇಜಿಗೆ ಹೋಗಿ ಕೆಲಸ ಮಾಡಿ ತೋರಿಸುವ ಪರೀಕ್ಷೆ, ಈಗ ಎಲ್ಲೆಡೆ ಇದೆ, ಅದೂ ಒಂದು ಥರದ ಸಿಮ್ಯುಲೇಶನ್ನೇ, ಆದರೆ ಅಲ್ಲಿ ಯಾರೂ ಬೇಕಂತಲೇ ತಪ್ಪು ಮಾಡಿ ನೋಡುವುದಿಲ್ಲ. ಕಲಿಕೆ ಅಂತ ಕರೆದು, ಆಮೇಲೆ ಮೇಲಿನವರಿಗೆ "ಇವರು ಸರಿಯಿಲ್ಲ" ಅಂತ ವರದಿ ಕೊಟ್ಟರೆ ಮುಗಿಯಿತು. ಮುಂದಿನ ಸಲ ಎಲ್ಲರೂ ಬರುತ್ತಾರೆ, ಬಾಯಿ ಮಾತ್ರ ಬಿಡುವುದಿಲ್ಲ.

ಒಂದು ಗುಂಪಿಗೆ ನಾಲ್ಕರಿಂದ ಆರು ಜನ ಸಾಕು. ಉಳಿದವರು ನೋಡುತ್ತಾರೆ, ಆದರೆ ಸುಮ್ನೆ ನೋಡೋಕೆ ಬಿಡಬೇಡಿ. ಒಬ್ಬರು ಗಡಿಯಾರ ಹಿಡಿದು ಅಡ್ರಿನಲಿನ್ ಎಷ್ಟೊತ್ತಿಗೆ ಹೋಯಿತು ಅಂತ ಬರೆಯಲಿ. ಇನ್ನೊಬ್ಬರು ಯಾರಿಗೂ ಹೆಸರು ಹಿಡಿದು ಹೇಳದೆ ಗಾಳಿಯಲ್ಲಿ ಹೋದ ಆದೇಶಗಳನ್ನು ಎಣಿಸಲಿ. "ಯಾರಾದ್ರೂ ಆಕ್ಸಿಜನ್ ತನ್ನಿ" ಅಂದರೆ ಯಾರೂ ತರುವುದಿಲ್ಲ. ಈ ಎಣಿಕೆ ಆಮೇಲೆ ತುಂಬ ಉಪಯೋಗಕ್ಕೆ ಬರುತ್ತದೆ.

ನಡೆಯುತ್ತಿರುವಾಗ: ಕೈ ಕಟ್ಟಿ ನಿಲ್ಲಿ

ಹತ್ತು ಹದಿನೈದು ನಿಮಿಷ. ಅದಕ್ಕಿಂತ ಜಾಸ್ತಿ ಎಳೆಯಬೇಡಿ. ತಂಡ ಗೊತ್ತುಗುರಿಯಿಲ್ಲದೆ ತಿರುಗುತ್ತಿದ್ದರೆ ರೋಗಿಯ ಬಾಯಲ್ಲಿ ಸುಳಿವು ಕೊಡಿಸಿ. "ಎದೆ ಹಿಡ್ಕೊಂಡ ಹಾಗಾಗ್ತಿದೆ, ಆ ಬಾಟ್ಲಿ ಹಾಕಿದ ಮೇಲೇನೇ ಶುರುವಾಯ್ತು." ಅದೂ ಹಿಡಿಸಲಿಲ್ಲ ಅಂದರೆ ಫೋನಿನಲ್ಲಿ ಡಾಕ್ಟರ್ ದನಿಯಲ್ಲಿ ಒಂದು ಪ್ರಶ್ನೆ. ನೀವಾಗಿ ಒಳಗೆ ಹೋಗುವುದು ಕೊನೆಯ ದಾರಿ.

ಗೊಂಬೆ ಸಾಯಬಹುದೇ? ಇದು ತರಬೇತುದಾರರು ಜಗಳಾಡುವ ವಿಷಯ. ನನ್ನ ಅಭಿಪ್ರಾಯ ಹೇಳುತ್ತೇನೆ. ಹೊಸಬರ ಗುಂಪಿನಲ್ಲಿ, ಮೊದಲೇ ಹೇಳದೆ, ಅವರು ತಪ್ಪಿದರು ಅನ್ನುವ ಕಾರಣಕ್ಕೆ ಸಾಯಿಸಬೇಡಿ. ಆ ಹೊತ್ತಿನಿಂದ ಅವರ ತಲೆಯಲ್ಲಿ ಉಳಿಯುವುದು ಸಾವು ಮಾತ್ರ, ಅಡ್ರಿನಲಿನ್ ಅಲ್ಲ. ಸಾವನ್ನು ಎದುರಿಸುವುದೇ ಆ ದಿನದ ಪಾಠವಾದರೆ ಬೇರೆ ಮಾತು, ಆಗ ಮುಂಚೆಯೇ ತಿಳಿಸಿ. ಹಾಗಂತ ಏನು ಮಾಡಿದರೂ ರೋಗಿ ಎದ್ದು ಕೂರುವುದೂ ಬೇಡ. ಕೆಟ್ಟ ಸ್ಥಿತಿಯಲ್ಲೇ ನಿಲ್ಲಿಸಿ, "ಇಲ್ಲಿಗೆ ನಿಲ್ಲಿಸೋಣ" ಅಂತ ಹೇಳಿ, ಮಾತಾಡಿ, ಇನ್ನೊಮ್ಮೆ ಮಾಡಿಸಿ. ಎರಡನೇ ಸಲ ರೋಗಿ ಉಳಿದಾಗ ಅವರ ಮುಖ ನೋಡಬೇಕು ನೀವು.

ಬರೀ ಕೈ ಕೆಲಸಕ್ಕೆ ಮಾತ್ರ ನಿಯಮ ಬೇರೆ. ಸಿಪಿಆರ್ ತೆಗೆದುಕೊಳ್ಳಿ. ದೊಡ್ಡವರಿಗೆ ಎದೆ 5ರಿಂದ 6 ಸೆಂಟಿಮೀಟರ್ ಒಳಗೆ ಹೋಗಬೇಕು, ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಬೇಕು, 30 ಒತ್ತಿಗೆ 2 ಉಸಿರು, ನಡುವಿನ ವಿರಾಮ 10 ಸೆಕೆಂಡಿಗಿಂತ ಕಡಿಮೆ. ಇಲ್ಲಿ ಸರಿ ಉತ್ತರ ಒಂದೇ, ಚರ್ಚೆಗೆ ಜಾಗವಿಲ್ಲ. ಹಾಗಾಗಿ ಇಲ್ಲಿ ಸುಮ್ಮನಿರಬೇಡಿ, ತಪ್ಪು ಕಂಡ ಕೂಡಲೇ ನಿಲ್ಲಿಸಿ, ಒಂದು ಸಾಲಿನಲ್ಲಿ ತಿದ್ದಿ, ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ ಮತ್ತೆ ಮಾಡಿಸಿ, ಮತ್ತೆ ನಿಲ್ಲಿಸಿ, ಮತ್ತೆ ಮಾಡಿಸಿ. ಹೀಗೆ ನಿಲ್ಲಿಸಿ ನಿಲ್ಲಿಸಿ ಕಲಿಸುವ ಪದ್ಧತಿ ಮಕ್ಕಳ ತುರ್ತು ಚಿಕಿತ್ಸೆಯ ತರಬೇತಿಯಲ್ಲಿ ಚೆನ್ನಾಗಿ ಫಲ ಕೊಟ್ಟಿದೆ. ಬೆರಳಿನ ನೆನಪು ಬಾಯಿಮಾತಿನಿಂದ ಬರುವುದಿಲ್ಲ. ಯೋಚನೆಯ ಕೇಸಿಗೆ ಇದನ್ನು ಬಳಸಿದರೆ ಮಾತ್ರ ಮೊದಲಿನ ನನ್ನ ತಪ್ಪಿಗೇ ವಾಪಸ್.

ಆಮೇಲಿನ ಮಾತುಕತೆ

ಡಿಬ್ರೀಫಿಂಗ್. ಕಲಿಕೆ ಆಗುವುದು ಬಹುಪಾಲು ಇಲ್ಲೇ. ಕೇಸು ಹನ್ನೆರಡು ನಿಮಿಷ ನಡೆದಿದ್ದರೆ ಇದಕ್ಕೆ ಇಪ್ಪತ್ತೈದು ನಿಮಿಷವಾದರೂ ಇಡಿ. ಮಂಚದ ಹತ್ತಿರ ನಿಂತುಕೊಂಡು ಬೇಡ. ಬೇರೆ ಕಡೆ ಹೋಗಿ, ದುಂಡಗೆ ಕೂತು. ನೀವು ಮುಂದೆ ನಿಂತು ಅವರು ಸಾಲಾಗಿ ಕೂತರೆ ಅದು ತರಗತಿ ಆಗುತ್ತದೆ.

ಮೊದಲು ಬಿಸಿ ಆರಲಿ. "ಹೇಗನ್ನಿಸ್ತು?" ಅಂತ ಒಂದೇ ಪ್ರಶ್ನೆ ಕೇಳಿ. ಕೆಲವರು ನಗುತ್ತಾರೆ, ಕೆಲವರು ಗೊಂಬೆಯನ್ನು ಬೈಯುತ್ತಾರೆ, ಒಬ್ಬರ ಕಣ್ಣು ತುಂಬಿರಬಹುದು. ಬರಲಿ ಬಿಡಿ. ಆಮೇಲೆ ಯಾರಾದರೂ ಒಬ್ಬರು ಏನಾಯಿತು ಅಂತ ನಾಲ್ಕು ಸಾಲಿನಲ್ಲಿ ಹೇಳಲಿ. ಎಲ್ಲರ ತಲೆಯಲ್ಲೂ ಒಂದೇ ಕಥೆ ಇದೆಯೇ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಎಷ್ಟೋ ಸಲ ಇಲ್ಲವೇ ಇಲ್ಲ: ಒಬ್ಬರು ಅಲರ್ಜಿ ಅಂದುಕೊಂಡಿದ್ದರೆ ಪಕ್ಕದಲ್ಲಿದ್ದವರು ಆಸ್ತಮಾ ಅಂದುಕೊಂಡು ನೆಬ್ಯುಲೈಸರ್ ಹುಡುಕುತ್ತಿದ್ದರು.

ಮುಖ್ಯ ಭಾಗ ಇನ್ನು ಮುಂದೆ. ಇಲ್ಲಿ ಎರಡು ಹಳ್ಳ ಇವೆ. ಒಂದು, ಬೈಗುಳ: "ಅಡ್ರಿನಲಿನ್ ಯಾಕೆ ಕೊಡಲಿಲ್ಲ?" ಎರಡನೆಯದು ಸಕ್ಕರೆ ಸವರಿದ ಬೈಗುಳ: "ಅಡ್ರಿನಲಿನ್ ಬಗ್ಗೆ ಯಾರಿಗಾದರೂ ಏನಾದರೂ ಅನ್ನಿಸ್ತಾ?" ಎರಡನೆಯದು ಇನ್ನೂ ಕೆಟ್ಟದ್ದು, ಯಾಕೆಂದರೆ ನಿಮ್ಮ ಮನಸ್ಸಿನಲ್ಲಿ ಉತ್ತರ ಇದೆ ಅಂತ ಎಲ್ಲರಿಗೂ ಗೊತ್ತು, ಅದನ್ನು ಊಹಿಸುವ ಆಟ ಶುರುವಾಗುತ್ತದೆ. ಜೆನ್ನಿ ರುಡಾಲ್ಫ್ ಮತ್ತು ಅವರ ಜೊತೆಗಾರರು 2006ರಲ್ಲಿ ಬರೆದಿಟ್ಟ ದಾರಿ ನನಗೆ ಹಿಡಿಸಿದ್ದು. ನೀವು ಕಂಡದ್ದನ್ನು ಹೇಳಿ, ನಿಮಗೆ ಅನ್ನಿಸಿದ್ದನ್ನು ಮುಚ್ಚಿಡದೆ ಹೇಳಿ, ಆಮೇಲೆ ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿ. ಹೀಗೆ:

"ಸಿಸ್ಟರ್, ಬಿಪಿ 84 ಅಂತ ಬಂತು, ನೀವು ನೋಡಿದ್ರಿ. ಆಮೇಲೆ ಮೊದಲು ಸ್ಟಿರಾಯ್ಡ್ ಎಳೆದ್ರಿ. ಅಡ್ರಿನಲಿನ್ ತಡವಾಗುತ್ತೆ ಅಂತ ನನಗೆ ಆಗ ಆತಂಕ ಆಯ್ತು. ಆ ಹೊತ್ತಲ್ಲಿ ನಿಮ್ಮ ತಲೆಯಲ್ಲಿ ಏನು ಓಡ್ತಾ ಇತ್ತು?"

ಕೇಳಿ. ಆಮೇಲೆ ಬಾಯಿ ಮುಚ್ಚಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಎಂಟಕ್ಕೆ ಬಂದಾಗ ಪ್ರಾಣ ಹೋದಂತೆ ಆಗುತ್ತದೆ, ಆದರೂ ಎಣಿಸಿ. ಒಮ್ಮೆ ನಾನು ಹೀಗೇ ಕೇಳಿದಾಗ ಬಂದ ಉತ್ತರ ಏನು ಗೊತ್ತಾ?

"ಮೇಡಂ, ಅಡ್ರಿನಲಿನ್ ಕೊಡಬೇಕು ಅಂತ ಗೊತ್ತಿತ್ತು. ಆದರೆ ಡಾಕ್ಟರ್ ಹೇಳದೆ ಕೊಟ್ಟರೆ ಆಮೇಲೆ ಯಾರು ಜವಾಬ್ದಾರಿ ಅಂತ..."

ನೋಡಿ. ನಾನು ಅನಾಫಿಲಾಕ್ಸಿಸ್ ಬಗ್ಗೆ ಹತ್ತು ನಿಮಿಷದ ಪಾಠ ಮಾಡೋಕೆ ಬಾಯಿ ತೆರೆದು ಕೂತಿದ್ದೆ. ಅವರಿಗೆ ಪಾಠ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಡಾಕ್ಟರ್ ಬರುವ ಮುಂಚೆ ಯಾರು ಕೊಡಬಹುದು ಅಂತ ಒಂದು ಕಾಗದದ ಮೇಲೆ ಬರೆದ ನಿಯಮ, ಅದಕ್ಕೊಂದು ಸಹಿ. ಆ ಹತ್ತು ಸೆಕೆಂಡ್ ನಾನು ಕಾಯದೆ ಇದ್ದಿದ್ದರೆ ಇದು ಹೊರಗೆ ಬರುತ್ತಲೇ ಇರಲಿಲ್ಲ. ಮೇಲ್ನೋಟಕ್ಕೆ "ಗೊತ್ತಿಲ್ಲ" ಅನ್ನಿಸುವ ತಪ್ಪಿನ ಹಿಂದೆ ಹೆದರಿಕೆ ಇರುತ್ತದೆ, ಇಲ್ಲವೇ ಬೀಗ ಹಾಕಿದ ಡ್ರಾಯರ್ ಇರುತ್ತದೆ, ಇಲ್ಲವೇ ಒಂದೇ ಥರ ಕಾಣುವ ಎರಡು ಆಂಪೂಲ್, ಅಂದರೆ ಔಷಧಿಯ ಪುಟ್ಟ ಗಾಜಿನ ಸೀಸೆ, ಇರುತ್ತವೆ.

ನಿಜವಾಗಿಯೂ ಗೊತ್ತಿಲ್ಲದಿದ್ದರೆ? ಆಗ ಸುತ್ತಿ ಬಳಸಿ ಹೋಗಬೇಡಿ. ನೇರವಾಗಿ ಹೇಳಿಕೊಡಿ. ಡೋಸು ಎಷ್ಟು ಅನ್ನುವುದನ್ನು ಪ್ರಶ್ನೆ ಕೇಳಿ ಕೇಳಿ ಅವರ ಒಳಗಿಂದ ಎಳೆಯೋಕೆ ಹೋಗುವುದು ಸಮಯ ದಂಡ.

ಚೆನ್ನಾಗಿ ಮಾಡಿದ್ದಕ್ಕೂ ಇದೇ ಕುತೂಹಲ ತೋರಿಸಿ. "ಚೆನ್ನಾಗಿತ್ತು" ಅಂತ ಬೆನ್ನು ತಟ್ಟಿದರೆ ಏನು ಚೆನ್ನಾಗಿತ್ತು ಅಂತ ಅವರಿಗೂ ತಿಳಿಯದು. ವಿಡಿಯೊ ತೆಗೆದಿದ್ದರೆ ಪೂರ್ತಿ ಹಾಕಬೇಡಿ, ಅರ್ಧ ನಿಮಿಷದ ಒಂದು ತುಣುಕು ಸಾಕು. ಕೊನೆಗೆ ಪ್ರತಿಯೊಬ್ಬರೂ ನಾಳೆಯ ಪಾಳಿಯಲ್ಲಿ ಬೇರೆ ರೀತಿ ಮಾಡುವ ಒಂದು ಕೆಲಸ ಹೇಳಲಿ. ಪಾತ್ರ ಮಾಡಿದವರನ್ನು ಮರೆಯಬೇಡಿ. ಮಗು ಕಳೆದುಕೊಂಡ ತಾಯಿಯಾಗಿ ಮೂರು ಸಲ ಅತ್ತವರಿಗೆ ಆ ಪಾತ್ರ ಕಳಚಿ ಹೊರಬರೋಕೆ ಸ್ವಲ್ಪ ಹೊತ್ತು, ಒಂದಿಷ್ಟು ಮಾತು ಬೇಕು.

ವಾರ್ಡಿನೊಳಗೇ ಮಾಡುವುದು

ಬೇರೆ ಕೋಣೆಯಲ್ಲಿ ನಾಲ್ಕೈದು ಸಲ ಮಾಡಿ ಕೈ ಪಳಗಿದ ಮೇಲೆ ಖಾಲಿ ಮಂಚ ಇರುವ ಹೊತ್ತು ನೋಡಿ ನಿಜವಾದ ವಾರ್ಡಿನಲ್ಲೇ ಮಾಡಿ. ಇಲ್ಲಿ ಜನರ ತಪ್ಪಿಗಿಂತ ಜಾಗದ ತಪ್ಪು ಜಾಸ್ತಿ ಸಿಗುತ್ತದೆ. ಆಕ್ಸಿಜನ್ ಸಿಲಿಂಡರ್ ಇರುತ್ತದೆ, ತೆರೆಯುವ ಕೀಲಿ ಇರುವುದಿಲ್ಲ. ಆಂಬು ಬ್ಯಾಗ್ ಇರುತ್ತದೆ, ಮಾಸ್ಕ್ ಚಿಕ್ಕ ಮಕ್ಕಳದ್ದು. ತುರ್ತು ನಂಬರಿಗೆ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ. ಇವನ್ನೆಲ್ಲ ಅಲ್ಲೇ ಬರೆದುಕೊಂಡು, ಯಾರು ಯಾವತ್ತಿನೊಳಗೆ ಸರಿ ಮಾಡುತ್ತಾರೆ ಅಂತ ಹೆಸರು ಹಾಕಿಸಿಕೊಳ್ಳಿ. ಹೆಸರು ಇಲ್ಲದ ಪಟ್ಟಿ ಗೋಡೆ ಮೇಲೆ ಹಳದಿಯಾಗುತ್ತದೆ.

ನಿಜವಾದ ರೋಗಿಗಳಿಗೂ ಅವರ ಮನೆಯವರಿಗೂ ಇದು ತರಬೇತಿ ಅಂತ ಮೊದಲೇ ತಿಳಿಸಿ. ವಾರ್ಡು ತುಂಬಿದ್ದರೆ, ಸಿಬ್ಬಂದಿ ಕಡಿಮೆ ಇದ್ದರೆ ರದ್ದು ಮಾಡಿ. ಯಾವಾಗ ರದ್ದು ಅಂತ ಮುಂಚೆಯೇ ಬರೆದಿಟ್ಟುಕೊಂಡರೆ ಆ ದಿನ ಬೆಳಿಗ್ಗೆ ವಾದ ಮಾಡಬೇಕಾಗಿಲ್ಲ.

ಕಲಿತರಾ ಇಲ್ಲವಾ?

"ತರಬೇತಿ ಇಷ್ಟವಾಯಿತೇ?" ಅನ್ನುವ ಫಾರಂ ತುಂಬಿಸಿಕೊಳ್ಳಿ, ತೊಂದರೆಯಿಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಊಟ ಚೆನ್ನಾಗಿದ್ದರೂ ಎಲ್ಲರೂ ಐದಕ್ಕೆ ಐದು ಕೊಡುತ್ತಾರೆ. ಗಡಿಯಾರ ಹಿಡಿದವರು ಬರೆದ ಹಾಳೆ ಇದೆಯಲ್ಲ, ಅದನ್ನು ಇಟ್ಟುಕೊಳ್ಳಿ. ಮೂರು ತಿಂಗಳು ಬಿಟ್ಟು ಅದೇ ಕೇಸನ್ನು ಸ್ವಲ್ಪ ಬಟ್ಟೆ ಬದಲಿಸಿ ಮತ್ತೆ ಮಾಡಿಸಿ, ಅಡ್ರಿನಲಿನ್ ಎಷ್ಟು ಬೇಗ ಹೋಯಿತು ನೋಡಿ. ಸಿಪಿಆರ್‌ನಂಥ ಕೈ ಕೆಲಸ ಕೆಲವೇ ತಿಂಗಳಲ್ಲಿ ಮಾಸಿ ಹೋಗುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಇಡೀ ದಿನ ಕೂರಿಸುವುದಕ್ಕಿಂತ ಆಗಾಗ ಹತ್ತು ಹತ್ತು ನಿಮಿಷ ಮಾಡಿಸುವುದು ಎಷ್ಟೋ ಮೇಲು.

ಮೇಲಿನವರು "ಇದರಿಂದ ಏನುಪಯೋಗ, ವಾರ್ಡಿನಲ್ಲೇ ಕಲಿಯಲಿ" ಅಂದರೆ ಹೇಳೋಕೆ ಒಂದು ಮಾತು ಇರಲಿ. ಅಮೆರಿಕದ ರಾಜ್ಯ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಸಂಸ್ಥೆ 2014ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. 10 ನರ್ಸಿಂಗ್ ಕಾಲೇಜುಗಳಲ್ಲಿ ಒಂದು ಗುಂಪಿಗೆ ಮಾಮೂಲಿ ವಾರ್ಡ್ ತರಬೇತಿ, ಇನ್ನೆರಡು ಗುಂಪುಗಳಿಗೆ ಆ ಹೊತ್ತಿನ 25% ಮತ್ತು 50%ರಷ್ಟನ್ನು ಸಿಮ್ಯುಲೇಶನ್ ಮಾಡಿಸಿದರು. ಕೊನೆಯಲ್ಲಿ ತಿಳಿವಳಿಕೆಯಲ್ಲಾಗಲಿ ಕೆಲಸದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ಕಲಿಸಿದವರು ಡಿಬ್ರೀಫಿಂಗ್ ತರಬೇತಿ ಪಡೆದವರು. ಆ ಅರ್ಧವನ್ನು ಬಿಟ್ಟು ಈ ಅರ್ಧವನ್ನು ಮಾತ್ರ ಮೇಲಿನವರಿಗೆ ಹೇಳಬೇಡಿ. ನಿಮ್ಮ ತರಬೇತಿಗೂ ಸಮಯ ಕೇಳಿ.

ಸಾಮಾನು ಎತ್ತಿಡುವ ಮುನ್ನ

ಇದನ್ನು ಕೊನೆಗೆ ಬರೆಯುತ್ತಿದ್ದೇನೆ, ಯಾಕೆಂದರೆ ಇದು ಕೊನೆಯಲ್ಲಿ ಮಾಡುವ ಕೆಲಸ. ಆದರೆ ಇಲ್ಲಿ ತಪ್ಪಿದರೆ ನಿಜವಾದ ಮನುಷ್ಯರಿಗೆ ಪೆಟ್ಟು ಬೀಳುತ್ತದೆ. 2014ರಲ್ಲಿ ಅಮೆರಿಕದಲ್ಲಿ ತರಬೇತಿಗೆಂದು ಮಾಡಿದ ಸಲೈನ್ ಚೀಲಗಳು ಹೇಗೋ ಚಿಕಿತ್ಸಾಲಯಗಳಿಗೆ ಹೋಗಿ, 40ಕ್ಕೂ ಹೆಚ್ಚು ಜನರಿಗೆ ಅವನ್ನು ಏರಿಸಿಬಿಟ್ಟರು. ಅವು ಶುದ್ಧೀಕರಿಸಿದ ದ್ರವವಲ್ಲ. ಜ್ವರ, ಚಳಿ ಬಂದು ಕೆಲವರು ಆಸ್ಪತ್ರೆ ಸೇರಿದರು. ನೋಡೋಕೆ ಅಸಲಿಯಂತೆ ಇರಲಿ ಅಂತಲೇ ತಾನೇ ಅವನ್ನು ಮಾಡುವುದು?

ಹಾಗಾಗಿ ತರಬೇತಿಯ ಪ್ರತಿ ಆಂಪೂಲ್, ಸಿರಿಂಜ್, ಚೀಲದ ಮೇಲೆ ದಪ್ಪ ಅಕ್ಷರದಲ್ಲಿ "ತರಬೇತಿಗೆ ಮಾತ್ರ, ಮನುಷ್ಯರಿಗೆ ಅಲ್ಲ" ಅಂತ ಚೀಟಿ ಅಂಟಿಸಿ. ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಡಿಫಿಬ್ರಿಲೇಟರ್ ನಿಜವಾದದ್ದಾದರೆ ಅದು ಕೊಡುವ ಶಾಕೂ ನಿಜವಾದದ್ದು, ಗೊಂಬೆ ಶಾಕ್ ತಡೆಯುವಂಥದ್ದೇ ಅಂತ ಮೊದಲೇ ನೋಡಿ, ಎಲ್ಲರನ್ನೂ ದೂರ ನಿಲ್ಲಿಸಿ. ವಾರ್ಡಿನ ಕ್ರಾಶ್ ಕಾರ್ಟ್, ಅಂದರೆ ತುರ್ತು ಸಾಮಾನಿನ ಗಾಡಿಯಿಂದ ಏನಾದರೂ ತೆಗೆದಿದ್ದರೆ ಅಲ್ಲಿಂದ ಹೊರಡುವ ಮುಂಚೆ ವಾಪಸ್ ತುಂಬಿಸಿ. ತಂದ ಆಂಪೂಲ್ ಎಷ್ಟು ಅಂತ ಶುರುವಿನಲ್ಲಿ ಬರೆದಿಟ್ಟುಕೊಳ್ಳಿ, ಮುಗಿದ ಮೇಲೆ ಎಣಿಸಿ. ಹನ್ನೆರಡು ತಂದು ಹನ್ನೊಂದು ಸಿಕ್ಕಿದರೆ ಆ ಒಂದು ಸಿಗುವವರೆಗೆ ಯಾರೂ ಮನೆಗೆ ಹೋಗುವುದಿಲ್ಲ. ಗೊಂಬೆಯ ಹೊದಿಕೆ ಕೆಳಗೆ ನೋಡಿ, ಹೆಚ್ಚಿನ ಸಲ ಅಲ್ಲೇ ಇರುತ್ತದೆ.